ಸೈಕಲ್ ಪ್ರವಾಸದ ನಾಲ್ಕನೇ ದಿನದ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಮಕ್ಕಳೆಲ್ಲ ಕ್ಷೇಮವಾಗಿ ಮನೆ ಸೇರಿದ್ದಾರೆ. ನಾಲ್ಕನೇ ದಿನದ ಮಳೆ, ಗಾಳಿಯ ಕಥೆಯನ್ನು ಅವರ ಬಾಯಿಂದಲೇ ಕೇಳಿರುತ್ತೀರಿ. ಕೆಲವರು ಫೋನ್ ಮಾಡಿ, "ಅಂಥ ಮಳೆಯಲ್ಲಿ ಯಾಕೆ ಹೊರಟಿರಿ?" ಎಂದು ಕೇಳಿದ್ದೀರಿ. ಇನ್ನು ಕೆಲವರು, "ಅರ್ಧ ದಾರಿಯಲ್ಲೇ ಯಾಕೆ ನಿಲ್ಲಿಸಿದಿರಿ?" ಎಂದಿದ್ದೀರಿ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಅವತ್ತು ಮಕ್ಕಳ ಜೊತೆ ನಾನೂ ಸೈಕಲ್ ತುಳಿಯುತ್ತಿದ್ದೆ. ಹಾಗಾಗಿ ನಡೆದದ್ದನ್ನು ನಾನೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೊರಟಾಗ ಇದ್ದದ್ದು ಬರೀ ಜಿಟಿಜಿಟಿ ಮಳೆ. ಗುಡುಗು, ಮಿಂಚು ಇದ್ದಿದ್ದರೆ ಹೊರಡುವ ಮಾತೇ ಇರಲಿಲ್ಲ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆ ಎಂದರ್ಥ. ಆಗ ಗಟ್ಟಿ ಕಟ್ಟಡದೊಳಗೆ ಸೇರಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬಾರದು. ಟೆಂಟ್ ಇದಕ್ಕೆ ಸಾಲದು. ಬೇಕಿದ್ದರೆ ಕೇಳಿ ನೋಡಿ, ನಿಮ್ಮ ಮಕ್ಕಳಿಗೆ ಇದು ಬಾಯಿಪಾಠವಾಗಿದೆ.

ಒಂದು ಗಂಟೆ ಕಳೆಯುವಷ್ಟರಲ್ಲಿ ಎದುರುಗಾಳಿ ಎದ್ದಿತು. ಸೈಕಲ್ ತುಳಿಯುವಾಗ ಮೈಗೆ ಬಡಿಯುವ ಗಾಳಿಯ ವೇಗ ಎರಡು ಪಟ್ಟಾದರೆ ಅದು ಹಿಂದಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಸಪಾಟು ರಸ್ತೆಯಲ್ಲೂ ಏರು ಹತ್ತಿದಂತೆ ಪೆಡಲ್ ತುಳಿಯಬೇಕಾಯಿತು, ಅದೂ ಟೆಂಟು, ಬಟ್ಟೆಯ ಭಾರ ಹೊತ್ತು. ಇಂಥ ಹೊತ್ತಲ್ಲಿ ಮುಂದಿನವರ ಹಿಂದೆಯೇ ಅಂಟಿಕೊಂಡು ಹೋದರೆ ಗಾಳಿ ತಪ್ಪುತ್ತದೆ. ಆದರೆ ನಾವು ಹಾಗೆ ಬಿಡಲಿಲ್ಲ. ರಿಮ್ ಒದ್ದೆಯಾದರೆ ಬ್ರೇಕ್ ತಕ್ಷಣ ಹಿಡಿಯುವುದಿಲ್ಲ ಅಲ್ವಾ? ಬ್ರೇಕಿನ ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲಷ್ಟೇ ಹಿಡಿತ. ಅದಕ್ಕೇ ಅಂತರ ಜಾಸ್ತಿ ಇಟ್ಟೆವು, ಗಾಳಿಯನ್ನು ಎಲ್ಲರೂ ಎದೆಗೊಟ್ಟೇ ಎದುರಿಸಿದರು. ರಸ್ತೆಯ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ ಕಂಡಲ್ಲೆಲ್ಲ ಮುಂದಿದ್ದವರು ಕೂಗಿ ಹೇಳುತ್ತಿದ್ದರು. ಒಬ್ಬರೂ ಜಾರಿ ಬೀಳಲಿಲ್ಲ.

ಇನ್ನು ನಿಲ್ಲಿಸಿದ್ದು ಯಾಕೆ ಎಂಬ ವಿಷಯ. ನಮ್ಮ ಗುಂಪಿನಲ್ಲಿ ಸದಾ ಮಾತಾಡುವ ಒಬ್ಬ ಹುಡುಗ ಇದ್ದ. ಎರಡನೇ ಸಲ ನಿಂತಾಗ ಅವನ ಗೆಳತಿ ಬಂದು, "ಟೀಚರ್, ಅವನು ಮಾತೇ ಆಡ್ತಿಲ್ಲ" ಎಂದಳು. "ಸುಸ್ತಾಗಿರ್ಬೇಕು ಬಿಡಮ್ಮ" ಎಂದು ನಾನು ಮುಂದೆ ಹೋದೆ. ಅದು ನನ್ನ ತಪ್ಪು. ಅರ್ಧ ಗಂಟೆಯ ನಂತರ ನೀರು ಕುಡಿಯಲು ನಿಂತಾಗ ನೋಡಿದರೆ, ಅವನು ಹೆಲ್ಮೆಟ್ಟಿನ ಬಕಲ್ ಬಿಚ್ಚಲು ಒದ್ದಾಡುತ್ತಿದ್ದ. ಬೆರಳು ಬಕಲ್ ಮೇಲೆ ಇತ್ತು, ಆದರೆ ಒತ್ತಲು ಆಗುತ್ತಿರಲಿಲ್ಲ. ತುಟಿ ಬಿಳಿಚಿಕೊಂಡಿತ್ತು. ಹೆಸರು ಹಿಡಿದು ಕರೆದರೆ ಉತ್ತರ ತಡವಾಗಿ, ತೊದಲಿಕೊಂಡು ಬಂತು. ರೇನ್‌ಕೋಟಿನ ಒಳಗೆ ಹತ್ತಿಯ ಬನಿಯನ್ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು.

ಮೈಯೊಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಜೀವಕ್ಕೇ ಅಪಾಯ. ಅದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಒದ್ದೆ ಬಟ್ಟೆ, ಬೀಸುವ ಗಾಳಿ, ದಣಿದ ಮೈ, ಈ ಮೂರು ಸೇರಿದರೆ ಸಾಕು. ಇನ್ನೂ 26 ಕಿಲೋಮೀಟರ್ ಬಾಕಿ ಇತ್ತು. ಅಲ್ಲೇ ನಿಲ್ಲಿಸಿದೆವು.

ರಸ್ತೆ ಬದಿಯ ತಂಗುದಾಣದಲ್ಲಿ ಅವನ ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಬಟ್ಟೆ ಹಾಕಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಕೂರಿಸಿದೆವು. ಮಾತು ಸರಿಯಾದ ಮೇಲೆ ಸಿಹಿ ಹಾಲು ಬಿಸಿ ಮಾಡಿ ಗುಟುಕು ಗುಟುಕಾಗಿ ಕುಡಿಸಿದೆವು. ಮಳೆ ಎಷ್ಟೇ ಇದ್ದರೂ ಒಲೆಯನ್ನು ಟೆಂಟಿನೊಳಗೆ ಹಚ್ಚಲು ಬಿಡಲಿಲ್ಲ, ಅಲ್ಲಿ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಉಳಿದ ಮಕ್ಕಳು ಗಾಳಿ ಬರುವ ಕಡೆಯ ಗೂಟಗಳನ್ನು ಮೊದಲು ಬಡಿದು, ಹಾರುವ ಟೆಂಟಿನ ಮೇಲೆ ಮಂಡಿಯೂರಿ ಕೂತು, ಒಂದೊಂದಾಗಿ ಎಲ್ಲ ಟೆಂಟ್ ಎಬ್ಬಿಸಿದರು. ಕೊಂಬೆ ಮುರಿದು ಬೀಳಬಹುದೆಂದು ಮರಗಳಿಂದ ದೂರದ ಜಾಗವನ್ನು ಹುಡುಕಿದವರೂ ಅವರೇ. ಸ್ವಲ್ಪ ಹೊತ್ತಿಗೆ ಹುಡುಗ ಕಣ್ಣರಳಿಸಿ, "ನನ್ನ ಸೈಕಲ್ ಚೈನ್ ಯಾರು ಒರೆಸಿದ್ರು?" ಎಂದು ಕೇಳಿದ. ನನಗೆ ಆಗ ಹೋದ ಜೀವ ಬಂದಂತಾಯಿತು.

ಚಳಿ ಆಗುತ್ತಿದೆ ಎಂದು ಯಾಕಪ್ಪಾ ಹೇಳಲಿಲ್ಲ ಎಂದು ಸಂಜೆ ಕೇಳಿದೆ. "ನನ್ನೊಬ್ಬನಿಂದ ಎಲ್ಲರೂ ನಿಲ್ಬೇಕಾಗುತ್ತೆ ಅಂತ ಸುಮ್ನಿದ್ದೆ" ಎಂದ. ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಮರುದಿನದಿಂದಲೇ ಹೊಸ ನಿಯಮ ಮಾಡಿದೆವು: ಯಾವ ಮಗು "ನಿಲ್ಲಿ" ಎಂದರೂ ಇಡೀ ಗುಂಪು ನಿಲ್ಲುತ್ತದೆ, ಕಾರಣವನ್ನು ಆಮೇಲೆ ಕೇಳುತ್ತೇವೆ. ದಯವಿಟ್ಟು ಮನೆಯಲ್ಲೂ ಇದನ್ನು ಮಕ್ಕಳ ಜೊತೆ ಮಾತಾಡಿ. ಸುಸ್ತು, ಚಳಿ ಎಂದು ಹೇಳಿದ್ದಕ್ಕೆ ಯಾರೂ ಅವರನ್ನು ಕಡಿಮೆ ಎಣಿಸುವುದಿಲ್ಲ ಎಂದು ನಿಮ್ಮ ಬಾಯಿಂದ ಕೇಳಲಿ.

ಮುಂದಿನ ಪ್ರವಾಸಕ್ಕೆ ಸೈಕಲ್ ತುಳಿಯುವಾಗ ಹತ್ತಿ ಬಟ್ಟೆ ಬೇಡ. ಅದು ನೀರು ಹೀರಿಕೊಂಡು ಬೇಗ ಒಣಗುವುದಿಲ್ಲ. ಉಣ್ಣೆಯದ್ದೋ ಪಾಲಿಯೆಸ್ಟರಿನದ್ದೋ ಕಳಿಸಿ. ಒಂದು ಜೊತೆ ಒಣ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬ್ಯಾಗಿನ ಮೇಲ್ಗಡೆಯೇ ಇಡಿ. ಅವತ್ತು ನಮಗೆ ಬೇಕಾದ ಬಟ್ಟೆ ಬ್ಯಾಗಿನ ತಳದಲ್ಲಿತ್ತು.

ಹುಡುಗನ ತಾಯಿಗೆ ಅವತ್ತು ಸಂಜೆಯೇ ಫೋನ್ ಮಾಡಿ, ನನ್ನ ತಪ್ಪನ್ನೂ ಸೇರಿಸಿ ಎಲ್ಲವನ್ನೂ ಹೇಳಿದ್ದೇನೆ. ಹೆಸರಿಲ್ಲದೆ ಇದನ್ನು ನಿಮಗೆ ಬರೆಯಲು ಅವರು, ಅವನು ಇಬ್ಬರೂ ಒಪ್ಪಿದ್ದಾರೆ. ಟೆಂಟುಗಳು ಇನ್ನೂ ಪೂರ್ತಿ ಒಣಗಿಲ್ಲ, ಶಾಲೆಯ ಹಾಲ್‌ನಲ್ಲಿ ಹರವಿದ್ದೇವೆ. ಶನಿವಾರ ಮಡಚಲು ಕೈ ಜೋಡಿಸುವವರು ಬನ್ನಿ, ಮಿಕ್ಕ ಪ್ರಶ್ನೆಗಳಿದ್ದರೆ ಅಲ್ಲೇ ಕೂತು ಮಾತಾಡೋಣ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ