ಪೆಲ್ವಿಸ್ ಕೈಗೆತ್ತಿಕೊಳ್ಳುವ ಮುನ್ನ

ಬಸವನಗುಡಿ, ಬೆಂಗಳೂರು

ಚಿ. ಅನನ್ಯಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮುಂದಿನ ವಾರ ಮೆಡಿಕಲ್ ಕಾಲೇಜಿನಲ್ಲಿ ನಿಮಗೆ ಪೆಲ್ವಿಸ್ (ಸೊಂಟದ ಮೂಳೆಗೂಡು) ಡಿಸೆಕ್ಷನ್, ಅಂದರೆ ಶವ ಬಿಡಿಸಿ ನೋಡುವುದು, ಶುರುವಂತೆ, ನಿಮ್ಮಮ್ಮ ಹೇಳಿದಳು. ಪುಸ್ತಕ ತೆಗೆಯುವ ಮೊದಲು ಮೂಳೆ ಹಿಡಿಯುವುದನ್ನು ಕಲಿ. ಬಟ್ಟಲಿನಂತೆ ಬಾಯಿ ಮೇಲೆ ಮಾಡಿ ಹಿಡಿಯುತ್ತಾರೆ ಎಲ್ಲರೂ. ಎಡವಟ್ಟು ಶುರುವಾಗುವುದೇ ಅಲ್ಲಿಂದ. ನಿನ್ನ ಬೋನ್ ಸೆಟ್‌ನ ಹಿಪ್ ಬೋನನ್ನು ಹಾಸ್ಟೆಲ್ ಗೋಡೆಗೆ ಒತ್ತು. ಆಂಟೀರಿಯರ್ ಸುಪೀರಿಯರ್ ಇಲಿಯಾಕ್ ಸ್ಪೈನೂ (ಸೊಂಟದ ಮುಂದೆ ಕೈಗೆ ಸಿಗುವ ಮೂಳೆಮೊನೆ) ಪ್ಯೂಬಿಕ್ ಸಿಂಫಿಸಿಸ್‌ನ (ಎರಡು ಹಿಪ್ ಬೋನ್ ಮುಂದೆ ಕೂಡುವ ಕೀಲು) ಮೇಲಂಚೂ ಒಟ್ಟಿಗೆ ಗೋಡೆಗೆ ತಾಗಬೇಕು. ನಿಂತ ಮನುಷ್ಯನಲ್ಲಿ ಅದು ಇರುವುದೇ ಹಾಗೆ. ಆಗ ಇನ್‌ಲೆಟ್, ಅಂದರೆ ಪೆಲ್ವಿಸ್‌ನ ಮೇಲಿನ ಬಾಯಿ, ನೆಲಕ್ಕೆ ಸುಮಾರು 55ರಿಂದ 60 ಡಿಗ್ರಿ ಓರೆ. ಈ ಓರೆ ತಲೆಗೆ ಹತ್ತಿದರೆ, ಖಾಲಿ ಮೂತ್ರಕೋಶ ಸಿಂಫಿಸಿಸ್ ಹಿಂದೆ ಅಡಗುವುದನ್ನೂ ಗರ್ಭಕೋಶ ಮುಂದೆ ಬಾಗಿ ಅದರ ಮೇಲೊರಗುವುದನ್ನೂ ಬಾಯಿಪಾಠ ಮಾಡಬೇಕಿಲ್ಲ.

ಅಳತೆಗಳು ಸುಲಭ. ಹೆಣ್ಣಿನಲ್ಲಿ ಇನ್‌ಲೆಟ್ ಅಡ್ಡಕ್ಕೆ ಸುಮಾರು 13 ಸೆಂ.ಮೀ., ಹಿಂದೆಮುಂದೆ 11. ಕೆಳಗಿನ ಬಾಯಿ ಔಟ್‌ಲೆಟ್‌ನಲ್ಲಿ ಅದೇ ತಿರುಗುಮುರುಗು. ಮಗುವಿನ ತಲೆ ಇಳಿಯುತ್ತ ತಿರುಗುವುದು ಇದಕ್ಕೇ. ಒಳಕ್ಕೆ ಚಾಚಿದ ಎರಡು ಮೂಳೆಮೊನೆಗಳ, ಇಷಿಯಲ್ ಸ್ಪೈನ್‌ಗಳ, ನಡುವೆ ಮಾತ್ರ ಸುಮಾರು 10 ಸೆಂ.ಮೀ., ಎಲ್ಲಕ್ಕಿಂತ ಇಕ್ಕಟ್ಟು. ಮುಂದೆ ವಾಣಿವಿಲಾಸ ಆಸ್ಪತ್ರೆಯ ಲೇಬರ್ ರೂಮಿಗೆ ಹೋದಾಗ ತಲೆ ಎಷ್ಟು ಇಳಿದಿದೆ ಎಂದು ಬೆರಳಿನಲ್ಲಿ ಅಳೆಯುವುದು ಆ ಸ್ಪೈನ್‌ನಿಂದಲೇ. ಜನನಾಂಗ, ಗುದದ ಸುತ್ತಲಿನ ಪ್ಯುಡೆಂಡಲ್ ನರ ಬಳಸಿ ಹೋಗುವುದೂ ಅದರ ಬೆನ್ನಿಗೇ.

ಹೆಚ್ಚು ಹೊತ್ತು ಕೊಡಬೇಕಾದ್ದು ಮೂತ್ರನಾಳಕ್ಕೆ, ಅಂದರೆ ಮೂತ್ರಪಿಂಡದಿಂದ ಮೂತ್ರಕೋಶಕ್ಕಿಳಿಯುವ ಯುರೀಟರ್‌ಗೆ. ಕಾಮನ್ ಇಲಿಯಾಕ್ ಅಪಧಮನಿ ಕವಲೊಡೆಯುವ ಕಡೆ, ಬೆನ್ನಡಿಯ ಮೂಳೆ ಹಿಪ್ ಬೋನಿಗೆ ಸೇರುವ ಸೇಕ್ರೋಇಲಿಯಾಕ್ ಕೀಲಿನ ಮುಂದೆ ಅದು ಒಳಗಿಳಿಯುತ್ತದೆ. ಮೊದಲು ಅಲ್ಲಿ ಹಿಡಿ, ಆಮೇಲೆ ಕೆಳಕ್ಕೆ ಬೆನ್ನುಹತ್ತು. ಹೊಟ್ಟೆಯ ಒಳಪೊರೆ ಪೆರಿಟೋನಿಯಮ್ ಸುಲಿದಾಗ ನಾಳವೂ ಅದಕ್ಕಂಟಿಕೊಂಡೇ ಎದ್ದುಬರುತ್ತದೆ. ಹಿಂಗೋಡೆಯಲ್ಲಿ ಹುಡುಕುತ್ತ ಕೂತವರಿಗೆ ಸಿಗುವುದಿಲ್ಲ. ಪಕ್ಕದ ಗೋಡೆಗುಂಟ ಇಷಿಯಲ್ ಸ್ಪೈನ್ ಮಟ್ಟಕ್ಕೆ ಇಳಿದು, ಮುಂದಕ್ಕೂ ನಡುವಿಗೂ ತಿರುಗಿ, ಗರ್ಭಕೋಶದ ಪಕ್ಕದ ಪೊರೆಮಡಿಕೆ ಬ್ರಾಡ್ ಲಿಗಮೆಂಟಿನ ಬುಡದಲ್ಲಿ ಗರ್ಭಕೋಶದ (ಯುಟೆರೈನ್) ಅಪಧಮನಿಯ ಅಡಿ ನುಸುಳುತ್ತದೆ. ‘ಸೇತುವೆ ಕೆಳಗೆ ನೀರು’ ಎನ್ನುವ ಸೀನಿಯರ್‌ಗಳ ಸೂತ್ರ ವೈವಾಕ್ಕೆ (ಬಾಯಿ ಪರೀಕ್ಷೆಗೆ) ಸಾಕು, ಆಪರೇಷನ್‌ಗೆ ಸಾಲದು. ಆ ಜಾಗ ಗರ್ಭಕೋಶದ ಕೊರಳಾದ ಸರ್ವಿಕ್ಸ್‌ನಿಂದ ಸುಮಾರು 2 ಸೆಂ.ಮೀ. ಪಕ್ಕಕ್ಕಿದೆ. ಗರ್ಭಕೋಶ ತೆಗೆಯುವಾಗ ರಕ್ತ ಚಿಮ್ಮಿತೆಂದು ಕುರುಡಾಗಿ ಕ್ಲ್ಯಾಂಪ್ ಹಾಕಿದರೆ ನಾಳವೂ ಸಿಕ್ಕಿಬೀಳುತ್ತದೆ. ಅಂಡಾಶಯದ ರಕ್ತನಾಳ ಕಟ್ಟುವಾಗ ಇನ್‌ಲೆಟ್‌ನ ಅಂಚಾದ ಬ್ರಿಮ್ ಹತ್ತಿರವೂ ಇದೇ ಅಪಾಯ. ಜೀವಂತ ದೇಹದಲ್ಲಿ ಮೆಲ್ಲಗೆ ತಟ್ಟಿದರೆ ಮೂತ್ರನಾಳ ಸಂಕುಚಿಸಿ ಮಿಸುಕುತ್ತದೆ, ರಕ್ತನಾಳ ಹಾಗೆ ಮಿಸುಕದು. ನಿಮ್ಮ ಟೇಬಲ್ ಮೇಲೆ ಆ ಗುರುತೂ ಇಲ್ಲ, ಜಾಗ ನೋಡಿಯೇ ಹೇಳಬೇಕು. ಗಂಡು ದೇಹ ಬಂದಿದ್ದರೆ ನಾಳವನ್ನು ಮೇಲಿನಿಂದ ದಾಟುವುದು ವಾಸ್ ಡಿಫರೆನ್ಸ್ (ವೀರ್ಯನಾಳ). ಪಕ್ಕದ ಟೇಬಲ್‌ಗೆ ಹೋಗಿ ಹೆಣ್ಣು ದೇಹವನ್ನೂ ನೋಡಿ ಬಾ, ಸಂಕೋಚ ಬೇಡ.

ಪೆಲ್ವಿಸ್ ತಳದ ಸ್ನಾಯುಗಳಲ್ಲಿ ಪ್ಯೂಬೊರೆಕ್ಟಾಲಿಸ್ ಒಂದನ್ನು ಚೆನ್ನಾಗಿ ತಿಳಿ. ಗುದನಾಳವನ್ನು ಹಿಂದಿನಿಂದ ಬಳಸಿ ಮುಂದಕ್ಕೆಳೆದು ಮಡಿಕೆ ಬೀಳಿಸುವುದು ಅದೇ, ಅದು ಹರಿದರೆ ಮಲ ತಡೆಯುವುದು ಕಷ್ಟ. ಉಳಿದವು ಚಿತ್ರ ನೋಡಿದರೆ ಬರುತ್ತವೆ; ಅದಕ್ಕೆ ಅವೆನ್ಯೂ ರಸ್ತೆಯ ಹಳೆಯ ಅಟ್ಲಾಸ್ ಆದೀತು, ಹೊಸದಕ್ಕೆ ದುಡ್ಡು ಸುರಿಯಬೇಡ.

ಕೊನೆಗೆ ಪೆಲ್ವಿಸ್‌ನ ಅಂಗಗಳಿಗೆ ರಕ್ತ ಒಯ್ಯುವ ಇಂಟರ್ನಲ್ ಇಲಿಯಾಕ್ ಅಪಧಮನಿ. ಸುತ್ತ ಹರಡಿದ ಸಿರೆಗಳನ್ನು ಮೊದಲು ತೆಗೆದುಹಾಕು, ಇಲ್ಲದಿದ್ದರೆ ಅಪಧಮನಿ ಕಾಣಿಸದು. ಕವಲುಗಳು ಹೊರಡುವ ಕ್ರಮ ದೇಹದಿಂದ ದೇಹಕ್ಕೆ ಬೇರೆ. ಪುಸ್ತಕದ ಕ್ರಮದಲ್ಲಿ ಎಣಿಸುತ್ತ ಹೋದರೆ ಹೆಸರು ತಪ್ಪುತ್ತದೆ. ಪ್ರತಿಯೊಂದನ್ನೂ ಅದು ಸೇರುವ ಅಂಗದವರೆಗೆ ಬಿಡಿಸು, ಆಮೇಲೆ ಹೆಸರಿಡು.

ನಿನ್ನ
ದೊಡ್ಡಮ್ಮ