ಹಳೆಯ ಫೋಟೊ ಹಾಕುವಾಗ ತೆಗೆದವರ ಹೆಸರೂ ಹಾಕಿ

ಸಂಪಾದಕರೇ,

ಅಮೆರಿಕದ ಇತಿಹಾಸದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಲೇಖನ ಬಂದರೆ ಜೊತೆಗೊಂದು ಕಪ್ಪುಬಿಳುಪು ಫೋಟೊ ಇದ್ದೇ ಇರುತ್ತದೆ. ಯಾರು ತೆಗೆದರು, ಯಾವ ವರ್ಷ, ಯಾರು ತೆಗೆಸಿದರು, ಒಂದೂ ಇರುವುದಿಲ್ಲ. ಜಾಗ ತುಂಬಿಸಲು ಸುಮ್ನೆ ಹಾಕಿದ ಹಾಗೆ. ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡುವ ನನಗೆ ಇದರಿಂದ ನಿಜಕ್ಕೂ ಬೇಸರವಾಗುತ್ತದೆ.

ಒಂದೇ ವಿಷಯ ತೆಗೆದುಕೊಳ್ಳಿ. 1941ರ ಡಿಸೆಂಬರ್ 7ರಂದು ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಮುಂದಿನ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆದೇಶ ಹೊರಡಿಸಿದರು. ಅದರಂತೆ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಇಟ್ಟರು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದ ಪ್ರಜೆಗಳೇ!

ಇದನ್ನು ದಾಖಲಿಸಲು ಸರ್ಕಾರವೇ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಅವರನ್ನು ನೇಮಿಸಿತು. 1942ರ ಮಾರ್ಚ್‌ನಲ್ಲಿ ಓಕ್ಲೆಂಡ್‌ನಲ್ಲಿ ಅವರು ತೆಗೆದ ಒಂದು ಫೋಟೊದಲ್ಲಿ ದಿನಸಿ ಅಂಗಡಿಯ ಮುಂದೆ 'ನಾನು ಅಮೆರಿಕನ್' ಎಂಬ ದೊಡ್ಡ ಫಲಕ ಇದೆ, ಮೇಲೆ ನೋಡಿದರೆ ಅಂಗಡಿ ಮಾರಾಟವಾಗಿದೆ ಎಂಬ ಇನ್ನೊಂದು ಬೋರ್ಡು. ಲ್ಯಾಂಗ್ ಬರೆದ ಟಿಪ್ಪಣಿ ಓದಿದರೆ ಮಾತ್ರ ಪೂರ್ತಿ ಗೊತ್ತಾಗುವುದು: ಫಲಕ ಹಾಕಿದ್ದು ದಾಳಿಯ ಮರುದಿನವೇ, ಮಾಲೀಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪದವೀಧರ. ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಯೊಂದರಲ್ಲಿ ಜಪಾನಿ ಮೂಲದ ಪುಟ್ಟ ಮಕ್ಕಳು ಎದೆ ಮೇಲೆ ಕೈಯಿಟ್ಟು ಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡುವುದನ್ನೂ ತೆಗೆದರು. ಯಾವುದೇ ಭಾಷಣ ಇಷ್ಟು ಹೇಳಲಾರದು. ಸೇನೆಗೆ ಇದು ಹಿಡಿಸಲಿಲ್ಲ, ಯುದ್ಧ ಮುಗಿಯುವವರೆಗೆ ಆ ಫೋಟೊಗಳನ್ನು ಜನರಿಗೆ ತೋರಿಸದೆ ಮುಟ್ಟುಗೋಲು ಹಾಕಿಕೊಂಡಿತು.

ಮರುವರ್ಷ ಇನ್ನೊಬ್ಬ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಇಂಥದ್ದೇ ಒಂದು ಶಿಬಿರವಾದ ಮಂಜನಾರ್‌ಗೆ ಹೋದರು. ಅವರ ಫೋಟೊಗಳಲ್ಲಿ ನಗುವ ಮುಖಗಳಿವೆ, ಹಿಂದೆ ಸಿಯೆರಾ ನೆವಾಡಾ ಬೆಟ್ಟಗಳಿವೆ. ಕಾವಲು ಗೋಪುರ, ತಂತಿಬೇಲಿ, ಬಂದೂಕು ಹಿಡಿದ ಸೈನಿಕರು ಇಲ್ಲ, ಯಾಕೆಂದರೆ ಅವನ್ನು ತೆಗೆಯಲು ಅನುಮತಿಯೇ ಇರಲಿಲ್ಲ. ಇದು ಗೊತ್ತಿಲ್ಲದೆ ನೋಡಿದ ಹುಡುಗ 'ಎಲ್ಲ ಚೆನ್ನಾಗೇ ಇತ್ತಲ್ವಾ ಸರ್' ಅಂದರೆ ತಪ್ಪು ಅವನದಲ್ಲ. ಅದೇ ಶಿಬಿರದಲ್ಲಿ ಸೆರೆಯಲ್ಲಿದ್ದ ಟೋಯೋ ಮಿಯಾಟಾಕೆ ಲಾಸ್ ಏಂಜಲೀಸ್‌ನಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದವರು. ಲೆನ್ಸ್ ಒಂದನ್ನು ಕದ್ದುಮುಚ್ಚಿ ಒಳಗೆ ತಂದು, ಅದಕ್ಕೆ ಮರದ ಡಬ್ಬಿ ಮಾಡಿಸಿ ಕ್ಯಾಮೆರಾ ಕಟ್ಟಿಕೊಂಡರು. ತಂತಿಬೇಲಿಯ ಹಿಂದೆ ನಿಂತ ಮೂವರು ಹುಡುಗರ ಫೋಟೊ ಅವರದೇ.

ಮೂವರ ಫೋಟೊಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳು ತಾವಾಗಿಯೇ ಕೇಳುತ್ತಾರೆ, ಇದನ್ನು ತೆಗೆಸಿದವರು ಯಾರು, ಬಿಟ್ಟಿದ್ದೇನು ಅಂತ. 1988ರಲ್ಲಿ ಅಮೆರಿಕ ಕಾನೂನು ಮಾಡಿ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿದ್ದು ಯಾಕೆ ಅನ್ನುವುದೂ ಆಗ ಅರ್ಥವಾಗುತ್ತದೆ.

ಲ್ಯಾಂಗ್ ಮತ್ತು ಆಡಮ್ಸ್ ತೆಗೆದ ಫೋಟೊಗಳು ಈಗ ಅಮೆರಿಕದ ನ್ಯಾಷನಲ್ ಆರ್ಕೈವ್ಸ್, ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಹಲವಕ್ಕೆ ಮೂಲ ಟಿಪ್ಪಣಿಯೂ ಇದೆ. ದಯವಿಟ್ಟು ಇನ್ನು ಮುಂದೆ ಹಳೆಯ ಫೋಟೊ ಹಾಕಿದಾಗ ತೆಗೆದವರ ಹೆಸರು, ವರ್ಷ, ಯಾರಿಗಾಗಿ ತೆಗೆದದ್ದು, ಇಷ್ಟನ್ನಾದರೂ ಕೆಳಗೆ ಎರಡು ಸಾಲಿನಲ್ಲಿ ಕೊಡಿ. ನಾನು ಅದನ್ನು ಕತ್ತರಿಸಿ ತರಗತಿಗೆ ಒಯ್ಯುತ್ತೇನೆ.

— ಒಬ್ಬ ಇತಿಹಾಸ ಉಪನ್ಯಾಸಕ, ಶಿವಮೊಗ್ಗ