ಯಾವ ಮಾರ್ಗ ಮೊದಲು ಎಂಬ ನಿರ್ಧಾರ ಸಂಸತ್ತಿನದಾಗಲಿ

ಮಾನ್ಯ ಸಂಪಾದಕರೇ,

ಸಾರಿಗೆ ಯೋಜನೆಗಳಿಗೆ ಅನುದಾನ ಮಂಜೂರು ಮಾಡುವ ಅಧಿಕಾರ ಸಂಸತ್ತಿಗಿದೆ. ಆದರೆ ಆ ಹಣದಲ್ಲಿ ಯಾವ ಹೆದ್ದಾರಿ ಮೊದಲು, ಯಾವ ರೈಲು ಮಾರ್ಗ ನಂತರ, ಯಾವ ಸೇತುವೆ ಇನ್ನೂ ಹತ್ತು ವರ್ಷ ಕಾಯಬೇಕು ಎಂಬುದು ಅನೇಕ ದೇಶಗಳಲ್ಲಿ ಸಚಿವಾಲಯದ ಕಡತಗಳಲ್ಲೇ ಇತ್ಯರ್ಥವಾಗುತ್ತದೆ. ಈ ಸರದಿಯನ್ನು ಗೊತ್ತುಮಾಡುವ ಹಕ್ಕು, ಅದಕ್ಕಿಂತ ಹೆಚ್ಚಾಗಿ ಅದನ್ನು ಬದಲಿಸುವ ಹಕ್ಕು, ಸಂಸತ್ತಿಗೇ ಸೇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸರದಿಯನ್ನು ಆಡಳಿತದ ಸಣ್ಣ ವಿವರವೆಂದು ತಳ್ಳಿಹಾಕುವಂತಿಲ್ಲ. ಒಮ್ಮೆ ಆರಂಭವಾದ ಕಾಮಗಾರಿಯನ್ನು ಅರ್ಧಕ್ಕೆ ಬಿಡುವುದು ಕಷ್ಟವಾದ್ದರಿಂದ ಅದು ಮುಂದಿನ ಹಲವು ವರ್ಷಗಳ ಅನುದಾನವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಪಟ್ಟಿಯ ಕೊನೆಯಲ್ಲಿರುವ ಯೋಜನೆಗೆಂದು ಗುರುತಿಸಿಟ್ಟ ಜಮೀನಿನವರು ಮನೆ ಕಟ್ಟುವ ಧೈರ್ಯವೂ ಇಲ್ಲದೆ, ಪರಿಹಾರವೂ ಸಿಗದೆ ವರ್ಷಗಟ್ಟಲೆ ಅತಂತ್ರರಾಗಿರುತ್ತಾರೆ.

ಜರ್ಮನಿಯ ಪದ್ಧತಿ ಇಲ್ಲಿ ಗಮನಾರ್ಹ. 2030ರವರೆಗಿನ ಸಾರಿಗೆ ಮಾರ್ಗಗಳ ಯೋಜನೆಗೆ ಅಲ್ಲಿನ ಸಚಿವ ಸಂಪುಟ 2016ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ಅದರಲ್ಲಿ ಸಾವಿರಕ್ಕೂ ಹೆಚ್ಚು ಕಾಮಗಾರಿಗಳಿದ್ದವು. ಅಂದಾಜು ವೆಚ್ಚ ಸುಮಾರು 27,000 ಕೋಟಿ ಯೂರೊ. ಆದರೆ ಸಂಪುಟದ ಒಪ್ಪಿಗೆಯೇ ಅಂತಿಮವಾಗಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತಾದ ಬುಂಡೆಸ್ಟಾಗ್ ಹೆದ್ದಾರಿ, ರೈಲು ಮತ್ತು ಜಲಮಾರ್ಗಗಳಿಗೆ ಪ್ರತ್ಯೇಕ ಕಾಯ್ದೆಗಳನ್ನು ಅಂಗೀಕರಿಸಿ, ಯಾವುದು ತುರ್ತು ಅಗತ್ಯ, ಯಾವುದು ನಂತರದ್ದು ಎಂಬ ವರ್ಗೀಕರಣಕ್ಕೆ ಕಾನೂನಿನ ಬಲ ಕೊಟ್ಟಿತು. ಇಷ್ಟಾದರೂ ತುರ್ತು ವರ್ಗದೊಳಗೆ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬ ಆಯ್ಕೆ ಬಹುಮಟ್ಟಿಗೆ ಸರ್ಕಾರದ ಕೈಯಲ್ಲೇ ಉಳಿಯುತ್ತದೆ. ಹಣ ಕಡಿಮೆಯಾಗಿ ಯೋಜನೆಗಳು ಹೆಚ್ಚಾದಾಗ ನಿಜವಾದ ಆದ್ಯತೆ ತೀರ್ಮಾನವಾಗುವುದು ಅಲ್ಲಿಯೇ. ಸ್ವಿಟ್ಜರ್ಲೆಂಡ್ ಇನ್ನೊಂದು ಹೆಜ್ಜೆ ಮುಂದಿದೆ: ರೈಲು ಮೂಲಸೌಕರ್ಯ ನಿಧಿಯ ವ್ಯವಸ್ಥೆಗೆ 2014ರಲ್ಲಿ ಮತದಾರರೇ ಒಪ್ಪಿಗೆ ಕೊಟ್ಟರು, 2035ರವರೆಗಿನ ವಿಸ್ತರಣೆಗೆ 1,289 ಕೋಟಿ ಫ್ರಾಂಕ್‌ಗಳನ್ನು 2019ರಲ್ಲಿ ಸಂಸತ್ತು ಮಂಜೂರು ಮಾಡಿತು.

ಬ್ರಿಟನ್ನಿನ ಅನುಭವ ಕಳವಳಕಾರಿ. ಎಚ್‌ಎಸ್‌2 ಅತಿವೇಗದ ರೈಲು ಮಾರ್ಗದ ಕ್ರೂ ಪಟ್ಟಣದವರೆಗಿನ ವಿಸ್ತರಣೆಗೆ 2021ರಲ್ಲಿ ಸಂಸತ್ತೇ ಕಾಯ್ದೆ ಮಾಡಿತ್ತು. ಆದರೆ 2023ರ ಅಕ್ಟೋಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಮ್ಯಾಂಚೆಸ್ಟರ್‌ವರೆಗಿನ ಇಡೀ ಭಾಗವನ್ನು ಕೈಬಿಡುವುದಾಗಿ ಅಂದಿನ ಪ್ರಧಾನಿ ರಿಷಿ ಸುನಕ್ ಪ್ರಕಟಿಸಿದ್ದು ತಮ್ಮ ಪಕ್ಷದ ಸಮ್ಮೇಳನದಲ್ಲಿ. ವೆಚ್ಚ ಮಿತಿಮೀರಿದೆ ಎಂಬ ಅವರ ವಾದ ಸರಿಯೇ ಇರಬಹುದು; ಸಂಸತ್ತು ಒಪ್ಪಿದ್ದನ್ನು ಸಂಸತ್ತಿನ ಹೊರಗೆ ರದ್ದುಪಡಿಸಿದ ರೀತಿ ಮಾತ್ರ ಸರಿಯಲ್ಲ.

ಸಂಸದರ ಕೈಗೆ ಪಟ್ಟಿ ಕೊಟ್ಟರೆ ಪ್ರತಿಯೊಬ್ಬರೂ ತಮ್ಮ ಕ್ಷೇತ್ರದ ಕಡೆಗೇ ರಸ್ತೆ ಎಳೆಯುತ್ತಾರೆ, ಆದ್ದರಿಂದ ತಜ್ಞರ ಲೆಕ್ಕಾಚಾರಕ್ಕೇ ಬಿಡುವುದು ಲೇಸು ಎಂಬ ಆಕ್ಷೇಪವಿದೆ. ಈ ಭಯ ನಿರಾಧಾರವೆಂದು ನಾನು ಹೇಳಲಾರೆ. ಆದರೆ ತಜ್ಞರು ಕೊಡುವ ಲಾಭ–ವೆಚ್ಚದ ಅನುಪಾತವೂ ಕೆಲವು ಊಹೆಗಳ ಮೇಲೆಯೇ ನಿಂತಿರುತ್ತದೆ. ಪ್ರಯಾಣಿಕರಿಗೆ ಉಳಿಯುವ ಒಂದು ಗಂಟೆಗೆ ಎಷ್ಟು ಬೆಲೆ, ಇಪ್ಪತ್ತು ವರ್ಷಗಳ ನಂತರ ಎಷ್ಟು ವಾಹನಗಳು ಓಡುತ್ತವೆ, ಹೊಗೆಯಿಂದಾಗುವ ಹಾನಿಯನ್ನು ಎಷ್ಟೆಂದು ಎಣಿಸಬೇಕು ಎಂಬ ಊಹೆಗಳನ್ನು ತುಸು ಬದಲಿಸಿದರೂ ಪಟ್ಟಿಯ ಕ್ರಮವೇ ಬದಲಾಗಬಹುದು. ಇವುಗಳಲ್ಲಿ ಮೌಲ್ಯಗಳ ಆಯ್ಕೆಯೂ ಅಡಗಿರುವುದರಿಂದ, ಜನಪ್ರತಿನಿಧಿಗಳು ಅವನ್ನು ಬಹಿರಂಗವಾಗಿ ಪ್ರಶ್ನಿಸಲು ಅವಕಾಶವಿರಲೇಬೇಕು. ಸ್ವಕ್ಷೇತ್ರದ ಮೋಹಕ್ಕೂ ಕಡಿವಾಣ ಅಸಾಧ್ಯವಲ್ಲ: ಚರ್ಚೆಗೆ ಮುನ್ನವೇ ಪ್ರತಿ ಯೋಜನೆಯ ಲೆಕ್ಕಾಚಾರ ಪ್ರಕಟವಾಗಲಿ, ಕಡಿಮೆ ಅಂಕದ ಯೋಜನೆಯನ್ನು ಮೇಲಕ್ಕೆ ತರಬೇಕೆನ್ನುವವರ ಹೆಸರು ಮತ್ತು ಕಾರಣ ಎರಡೂ ಸದನದ ಕಡತದಲ್ಲಿ ದಾಖಲಾಗಲಿ.

ಪ್ರತಿಯೊಂದು ಸಣ್ಣ ತಿರುವಿಗೂ ಸದನದ ಅನುಮತಿ ಬೇಕೆಂದು ನಾನು ವಾದಿಸುತ್ತಿಲ್ಲ. ಕಾಯ್ದೆಯ ಪಟ್ಟಿಯಲ್ಲಿರುವ ದೊಡ್ಡ ಯೋಜನೆಯೊಂದನ್ನು ಹಿಂದಕ್ಕೆ ಸರಿಸುವಾಗ ಅಥವಾ ಕೈಬಿಡುವಾಗ, ಸರ್ಕಾರ ಕಾರಣಗಳೊಂದಿಗೆ ಪರಿಷ್ಕೃತ ಪಟ್ಟಿಯನ್ನು ಸದನದಲ್ಲಿ ಮಂಡಿಸಿ, ಸಾರಿಗೆ ಸಮಿತಿಯ ವಿಚಾರಣೆ ಮುಗಿದು ಮತದಾನವಾಗುವವರೆಗೆ ಹಳೆಯ ಪಟ್ಟಿಯೇ ಜಾರಿಯಲ್ಲಿರಬೇಕೆಂಬ ನಿಯಮವನ್ನು ಆಯಾ ಕಾಯ್ದೆಗಳಲ್ಲೇ ಸೇರಿಸಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ